ನಾಲ್ಕನೇ ಸಲದ ಸೂಪ್

"ಇದೂ ಅದಲ್ಲ," ಎಂದು ಸಾಸಿವೆ ಚಮಚ ಕೆಳಗಿಟ್ಟಳು.

ಅಪ್ಪ ನೋಟ್‌ಬುಕ್ ತೆರೆದು, 'ಪ್ರಯೋಗ ಮೂರು' ಎಂಬುದರ ಮುಂದೆ 'ವಿಫಲ' ಎಂದು ಬರೆದರು. ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆಯನ್ನೂ ಎಳೆದರು.

ಸಾಸಿವೆ ಅನ್ನುವುದು ಅವಳ ಶಾಲೆಯ ಹೆಸರಲ್ಲ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಸ್ವಲ್ಪ ಬಿಸಿ ತಾಗಿದರೆ ಸಾಕು, ಚಟಪಟ ಸಿಡಿಯುತ್ತಾಳೆ. ಅದಕ್ಕೇ ಆ ಹೆಸರು.

ಕಳೆದ ರಜೆಯಲ್ಲಿ ಅವರ ಬಸ್ಸು ಬೆಟ್ಟದ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಮಳೆಯಲ್ಲಿ ನಡೆದು, ತೊಯ್ದು ತೊಪ್ಪೆಯಾಗಿ, ಎಲ್ಲರೂ ಒಂದು ಪುಟ್ಟ ಹೋಟೆಲ್ ಸೇರಿದ್ದರು. ಹೋಟೆಲಿನ ಆಂಟಿ ಕೊಟ್ಟದ್ದು ಬರೀ ಆಲೂಗಡ್ಡೆ ಸೂಪ್. ಸಾಸಿವೆ ಮತ್ತು ಅಕ್ಕ ಒಂದೇ ಟವೆಲ್ ಹೊದ್ದು, ಒಂದೇ ಬಟ್ಟಲಿನಿಂದ ಕುಡಿದಿದ್ದರು. "ಲೈಫಲ್ಲೇ ಇಂಥ ಸೂಪ್ ಕುಡಿದಿಲ್ಲ," ಎಂದು ಅಕ್ಕ ಮೂರು ಸಲ ಹೇಳಿದ್ದಳು.

ಅದೇ ಅಕ್ಕ ಈಗ ಸಾಸಿವೆಯ ಜೊತೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಅಕ್ಕನಿಗೆ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಸಾಸಿವೆ, "ಹೋಗು ಹೋಗು, ರೂಮು ಪೂರ್ತಿ ನಂದಾಗುತ್ತೆ," ಎಂದುಬಿಟ್ಟಿದ್ದಳು. ಹೇಳಬೇಕು ಅಂದುಕೊಂಡಿದ್ದು ಬೇರೆಯೇ. ಬಾಯಿಗೆ ಬಂದದ್ದು ಮಾತ್ರ ಅದು.

ಇವತ್ತು ಸಂಜೆ ಆರಕ್ಕೆ ಅಕ್ಕನ ರೈಲು. ಅಷ್ಟರೊಳಗೆ ಅಕ್ಕ ಮಾತಾಡಬೇಕು. 'ಸಾರಿ' ಅನ್ನುವುದಕ್ಕಿಂತ ಆ ಸೂಪ್ ಮಾಡುವುದೇ ಸುಲಭ ಎಂದು ಸಾಸಿವೆ ತೀರ್ಮಾನಿಸಿದ್ದಳು.

ಅಪ್ಪ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. 'ಉಪ್ಪು ರುಚಿಗೆ ತಕ್ಕಷ್ಟು' ಎಂದು ಯಾರಾದರೂ ಬರೆದರೆ ಅವರಿಗೆ ಮೈ ಉರಿಯುತ್ತದೆ. ಅವರ ಅಡುಗೆಮನೆಯಲ್ಲಿ ತಕ್ಕಡಿ ಇದೆ, ಥರ್ಮಾಮೀಟರ್ ಇದೆ, ಟೈಮರ್ ಇದೆ, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು ಟೈಮರ್ ಇದೆ. ಈ ಮನೆಯಲ್ಲಿ ಇವತ್ತಿನವರೆಗೂ ಹಾಲು ಉಕ್ಕಿಲ್ಲ.

"ಆಲೂಗಡ್ಡೆ ಅದೇ, ಈರುಳ್ಳಿ ಅದೇ, ಮೆಣಸಿನಪುಡಿ ಅದೇ," ಎಂದು ಅಪ್ಪ ತಲೆ ಕೆರೆದುಕೊಂಡರು. "ಏನೋ ಒಂದು ಮಿಸ್ ಆಗಿದೆ."

ಸಾಸಿವೆಗೆ ಥಟ್ಟನೆ ಹೊಳೆಯಿತು. "ಆ ಆಂಟಿನೇ ಕೇಳ್ಬಿಡೋಣ! ಅಮ್ಮನ ಫೋನಲ್ಲಿ ಹೋಟೆಲ್ ಬೋರ್ಡಿನ ಫೋಟೊ ಇದೆ. ಅದ್ರಲ್ಲೇ ನಂಬರ್ ಇದೆ."

"ಇದನ್ನ ಮೊದಲನೇ ಸೂಪಿಗೆ ಮುಂಚೆ ಹೇಳೋಕಾಗ್ಲಿಲ್ವಾ?" ಎಂದರು ಅಮ್ಮ. ಬೆಳಗ್ಗೆಯಿಂದ ಮೂರೂ ಸೂಪಿನ ರುಚಿ ನೋಡಿದವರು ಅವರು, ಒಂದೊಂದು ಬಟ್ಟಲು.

ಸ್ಪೀಕರ್ ಹಾಕಿದ ಫೋನಿನಲ್ಲಿ ಆಂಟಿ ಮೊದಲು, "ಯಾವ ಸೂಪು?" ಎಂದರು. ಆಮೇಲೆ ಜೋರಾಗಿ ನಕ್ಕರು.

"ಓ, ಬಸ್ಸು ಕೆಟ್ಟಿದ್ದ ದಿನದ್ದಾ! ಅಯ್ಯೋ ಮಗಳೇ, ಅದನ್ಯಾಕೆ ನೆನಪು ಮಾಡ್ತೀಯಾ? ಅವತ್ತು ಅದು ತಳ ಹಿಡಿದಿತ್ತು!"

"ತಳ ಹಿಡಿದಿತ್ತಾ?"

"ಮತ್ತೆ! ನೀವಿಬ್ರೂ ಚಳಿಗೆ ಗಡಗಡ ನಡುಗ್ತಿದ್ರಿ. ಒಣಗಿದ ಟವೆಲ್ ಹುಡುಕ್ತಾ ಒಳಗೆ ಹೋದೆ. ಬರೋಷ್ಟ್ರಲ್ಲಿ ಸೀದುಹೋಗಿತ್ತು. ಬೇರೆ ಮಾಡೋಣ ಅಂದ್ರೆ ಆಲೂಗಡ್ಡೆನೂ ಇಲ್ಲ. ನೀವೆಲ್ಲಿ ಬೈತೀರೋ ಅಂತ ನಾನು ಹೆದರ್ಕೊಂಡಿದ್ರೆ, ನಿಮ್ಮಪ್ಪ ಎರಡನೇ ಸಲ ಹಾಕಿಸ್ಕೊಂಡ್ರು!"

ಆಗ ಅಪ್ಪನ ಮುಖ ನೋಡಬೇಕಿತ್ತು.

ಆದರೂ ವಿಜ್ಞಾನ ವಿಜ್ಞಾನವೇ. ಅವರು ಹೊಸ ಪುಟ ತೆರೆದು, 'ಪ್ರಯೋಗ ನಾಲ್ಕು. ಗುರಿ: ತಳ ಹಿಡಿಸುವುದು' ಎಂದು ಬರೆದರು.

ತಳ ಹಿಡಿಸುವುದು ಅಷ್ಟು ಸುಲಭವೇನಲ್ಲ. ಅಪ್ಪ, ಮಗಳು ಇಬ್ಬರೂ ಪಾತ್ರೆಯನ್ನೇ ದಿಟ್ಟಿಸುತ್ತ ನಿಂತರು. ಸೂಪ್ ಗುಳುಗುಳು ಎಂದಾಗಲೆಲ್ಲ ಅಪ್ಪನ ಕೈ ಸೌಟಿನ ಕಡೆ ಹೋಗುತ್ತಿತ್ತು.

"ಅಪ್ಪಾ, ಕಲಕ್ಬೇಡ!"

"ನಾನೆಲ್ಲಿ ಕಲಕ್ದೆ? ಕೈ ಕಲಕ್ತು."

ಟೈಮರ್ ಕೂಗಿತು. ಅಪ್ಪ ಅಭ್ಯಾಸದಂತೆ ಒಲೆ ಆರಿಸಲು ಹೋದರು. ಸಾಸಿವೆ ಅವರ ಕೈ ಹಿಡಿದು ನಿಲ್ಲಿಸಿದಳು.

ಅಷ್ಟರಲ್ಲಿ ರೂಮಿನಿಂದ ಧಡ್ ಎಂಬ ಸದ್ದು ಕೇಳಿತು. "ಈ ದರಿದ್ರ ಸೂಟ್‌ಕೇಸ್ ಮುಚ್ಚೋದೇ ಇಲ್ಲ!" ಎಂದಳು ಅಕ್ಕ. ಇನ್ನೇನು ಅಳು ಬರುವಂಥ ದನಿ.

ಸಾಸಿವೆ ಓಡಿಹೋಗಿ ಸೂಟ್‌ಕೇಸಿನ ಮೇಲೆ ಹತ್ತಿ ಕುಳಿತಳು. ಅಕ್ಕ ಜಿಪ್ ಎಳೆದಳು. ಜಿಪ್ ಅರ್ಧಕ್ಕೆ ನಿಂತಿತು.

"ನೀನೊಬ್ಬಳೇ ಸಾಲಲ್ಲ," ಎಂದಳು ಅಕ್ಕ. ನಾಲ್ಕು ದಿನಗಳಲ್ಲಿ ಅವಳು ಸಾಸಿವೆಯ ಜೊತೆ ಆಡಿದ ಮೊದಲ ಮಾತು ಅದು.

"ಅಪ್ಪಾ! ಅಮ್ಮಾ! ಬೇಗ ಬನ್ನಿ!" ಎಂದು ಸಾಸಿವೆ ಕೂಗಿದಳು.

ಮೂವರೂ ಸೂಟ್‌ಕೇಸಿನ ಮೇಲೆ ಒತ್ತಾಗಿ ಕುಳಿತರು. ಅಕ್ಕ ಮಂಡಿಯೂರಿ ಎಳೆದಳು. ಆಗ ಮೂಲೆಯಿಂದ ಏನೋ ಇಣುಕಿತು. ಹಳದಿ ಬಟ್ಟೆ, ಅದರ ಮೇಲೆ ಆನೆಮರಿ.

"ಅದು ನನ್ ದಿಂಬು!"

"ಗೊತ್ತು," ಎಂದಳು ಅಕ್ಕ, ತಲೆ ಎತ್ತದೆ. "ಅಲ್ಲಿ ನಂಗೆ ನಿದ್ದೆ ಬರ್ಬೇಕಲ್ಲ."

ಸೂಟ್‌ಕೇಸ್ ಯಾಕೆ ಮುಚ್ಚುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಅದನ್ನು ತೆಗೆದಿಡು ಎಂದು ಯಾರೂ ಹೇಳಲಿಲ್ಲ.

"ತಗೊಂಡ್ಹೋಗು," ಎಂದಳು ಸಾಸಿವೆ. ಆಮೇಲೆ ಜಿಪ್ಪಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು, "ರೂಮು ಪೂರ್ತಿ ನಂಗೆ ಬೇಡ ಅಕ್ಕ."

ಅಕ್ಕ ಮೂಗು ಒರೆಸಿಕೊಂಡಳು. ಜಿಪ್ ಸರ್ರನೆ ಕೊನೆ ಮುಟ್ಟಿತು.

ಅಪ್ಪ ತಟ್ಟನೆ ತಲೆ ಎತ್ತಿದರು. "ಏನಿದು, ಸೀದ ವಾಸನೆ?"

ನಾಲ್ವರೂ ಅಡುಗೆಮನೆಗೆ ಓಡಿದರು.

ಅಕ್ಕ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಅರಳಿತು. "ಅದೇ! ಹೋಟೆಲ್ದೇ!" ಎಂದವಳೇ ಸಾಸಿವೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಇನ್ನೊಂದು ಬಟ್ಟಲು ಬೇಕಾಗಲಿಲ್ಲ.

ಅಪ್ಪ ಪೆನ್ನು ಹಿಡಿದು ಕುಳಿತರು. "ಒಟ್ಟು ಎಷ್ಟು ನಿಮಿಷ ಆಯ್ತು? ಯಾರಾದ್ರೂ ಟೈಮ್ ನೋಡಿದ್ರಾ?"

ಯಾರೂ ನೋಡಿರಲಿಲ್ಲ.

ಸಾಸಿವೆ ಸ್ವಲ್ಪ ಯೋಚಿಸಿದಳು. ಒಣಗಿದ ಟವೆಲ್ ಹುಡುಕಲು ಒಳಗೆ ಹೋದ ಆಂಟಿ ನೆನಪಾದರು.

"ಸೂಟ್‌ಕೇಸ್ ಮುಚ್ಚೋಷ್ಟು ಹೊತ್ತು ಅಂತ ಬರಿ ಅಪ್ಪ."

"ಅದೆಂಥ ಅಳತೆ?" ಎಂದರು ಅಪ್ಪ. ಒಂದೇ ಬಟ್ಟಲಿನ ಮೇಲೆ ಬಾಗಿದ್ದ ಎರಡು ತಲೆಗಳನ್ನು ನೋಡಿದರು. ಆಮೇಲೆ ಹಾಗೆಯೇ ಬರೆದು, ಕೆಳಗೊಂದು ಗೆರೆ ಎಳೆದರು. ಸ್ಕೇಲ್ ತೆಗೆದುಕೊಳ್ಳಲು ಮರೆತಿದ್ದರು.

ಗೆರೆ ಸೊಟ್ಟಗೆ ಬಂದದ್ದನ್ನು ಸಾಸಿವೆ ನೋಡಿದಳು. ಬಟ್ಟಲನ್ನು ಅಕ್ಕನ ಕಡೆ ಸ್ವಲ್ಪ ಸರಿಸಿದಳು.