ಕಿತ್ತಳೆ ಬಣ್ಣ ದಾಟದ ಬಾಯಿ

"ನೀವಿಬ್ರೂ ಒಂದೇ ತಟ್ಟೆಯಾಗೆ ಉಣ್ತೀವಿ ಅಂದಿದ್ದು ಸುಳ್ಳೇನೇ ಗೌತಮಿ? ಸುಳ್ಳಾದ್ರೆ ಈಗ್ಲೇ ಹೇಳ್ಬಿಡವ್ವಾ, ನಾನೇನು ಹೊಡೆಯಲ್ಲ."

ಡಾಕ್ಟರ್ ನಸೀಮಾ ನದಾಫ್ ಹೀಗೆ ಕೇಳಿದಾಗ ಗೌತಮಿಯ ಬಾಯಿ ಅಗಲಕ್ಕೆ ತೆರೆದಿತ್ತು, ಒಳಗೆ ಬೆರಳುದ್ದದ ನೇರಳೆ ದೀಪವೊಂದು ಹಲ್ಲಿನಿಂದ ಹಲ್ಲಿಗೆ ಸರಿಯುತ್ತಿತ್ತು. ಬಾಯಿ ತೆರೆಸಿಟ್ಟು ಪ್ರಶ್ನೆ ಕೇಳುವುದು ಹಲ್ಲಿನ ಡಾಕ್ಟರರ ಹಳೇ ಚಾಳಿ. ಇಸವಿ ಎರಡು ಸಾವಿರದ ಅರವತ್ತು ದಾಟಿತ್ತು, ದಾವಣಗೆರೆಯ ಸುತ್ತಲಿನ ಗುಡ್ಡಗಳಲ್ಲೆಲ್ಲ ಗಾಳಿಯಂತ್ರಗಳು ತುಂಬಿದ್ದವು, ಆದರೆ ಈ ಚಾಳಿ ಮಾತ್ರ ಹೋಗಿರಲಿಲ್ಲ.

"ಆಂ... ಊಂ..." ಎಂದಳು ಗೌತಮಿ.

"ಹಾಂ, ತಡಿ ತಡಿ." ಡಾಕ್ಟರು ದೀಪ ಹೊರತೆಗೆದರು. "ಈಗ ಹೇಳು."

"ಸುಳ್ಳು ಯಾಕೆ ಹೇಳಾಣ ಮೇಡಂ? ಹಾಸ್ಟೆಲ್ನಾಗೆ ಯಾರನ್ನ ಬೇಕಾದ್ರೂ ಕೇಳಿ. ಶಿವಲೀಲಾನ್ನ ಬಿಟ್ಟು ನಾನು ಉಂಡಿದ್ದೇ ಇಲ್ಲ. ಮೂರು ವರ್ಷದಿಂದ ಹಿಂಗೇ."

ಡಾಕ್ಟರು ಪರದೆಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡುತ್ತ ಕುಳಿತರು. ಮಾತಿನ ಮಲ್ಲಿ ಎಂದು ಕಾಲೇಜಿಗೆಲ್ಲ ಹೆಸರಾದ ಹೆಂಗಸು ಹಾಗೆ ಕುಳಿತದ್ದು ನೋಡಿಯೇ ಗೌತಮಿಗೆ ಏನೋ ಸರಿಯಿಲ್ಲ ಅನ್ನಿಸಿತು.

ನಸೀಮಾ ನದಾಫರು ಕಂಡುಹಿಡಿದದ್ದು 'ಕಾವಲು ಲೇಪ'. ನಮ್ಮ ಬಾಯಲ್ಲಿ ಮನೆಮಾಡಿಕೊಂಡಿರುವ ಕೆಲವು ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಮೆಲ್ಲಗೆ ಕರಗಿಸುತ್ತದೆ. ಹುಳುಕು ಅನ್ನುವುದು ಅದನ್ನೇ. ಡಾಕ್ಟರು ಅದೇ ಜಾತಿಯ ಜೀವಿಯೊಂದನ್ನು ಪಳಗಿಸಿ, ಸಕ್ಕರೆ ತಿಂದರೂ ಆಮ್ಲ ಬಿಡದಂತೆ ಮಾಡಿದರು. ಒಮ್ಮೆ ಹಲ್ಲಿಗೆ ಬಳಿದರೆ ಸಾಕು, ಅದು ಬೇರೂರಿ ಕೂತು ಹಳೇ ಕಿಡಿಗೇಡಿಗಳಿಗೆ ಜಾಗ ಬಿಡದು. ಹದಿನೆಂಟು ದಾಟಿದವರಿಗೇ ಮೊದಲು ಬಳಿದದ್ದಕ್ಕೂ ಕಾರಣವಿತ್ತು. ಮನೆಯಲ್ಲಿದ್ದಾಗ ಬ್ರಷ್ ಹಿಡಿದು ಬೆನ್ನಟ್ಟುವ ಅಮ್ಮ ಹಾಸ್ಟೆಲಿನಲ್ಲಿ ಇರುವುದಿಲ್ಲ. ಮಲಗುವ ಮುಂಚೆ ಬಿಸ್ಕತ್ತು, ಬೆಳಿಗ್ಗೆ ಎದ್ದರೆ ಓಟ, ನೋವು ಬಂದ ಮೇಲಷ್ಟೇ ಡಾಕ್ಟರು. ಜೀವಮಾನದ ಹುಳುಕಿಗೆ ತಳಪಾಯ ಬೀಳುವುದು ಆ ವಯಸ್ಸಿನಲ್ಲೇ.

ಡಾಕ್ಟರಿಗೆ ಇನ್ನೂ ಒಂದು ಆಸೆ ಇತ್ತು. ಬಾಯಿಂದ ಬಾಯಿಗೆ ಈ ಕಾವಲುಜೀವಿ ತಾನೇ ದಾಟಿಕೊಂಡು ಹೋದರೆ? ಒಬ್ಬರ ಎಂಜಲು ಇನ್ನೊಬ್ಬರಿಗೆ, ಅವರದು ಮತ್ತೊಬ್ಬರಿಗೆ, ಹೀಗೆ ಊರಿಗೆ ಊರೇ ಪುಕ್ಕಟೆ ಗಟ್ಟಿಹಲ್ಲಿನದಾಗದೆ? ಅದನ್ನು ನೋಡಲೆಂದೇ ಒಬ್ಬೊಬ್ಬರ ಕಾವಲುಜೀವಿಗೂ ಬೇರೆಬೇರೆ ಮುದ್ರೆ ಒತ್ತಿದ್ದರು. ನೇರಳೆ ದೀಪ ಹಾಯಿಸಿದರೆ ಯಾರ ಜೀವಿ ಯಾರ ಬಾಯಲ್ಲಿ ಬೇರುಬಿಟ್ಟಿದೆ ಎಂಬುದು ಬಣ್ಣಬಣ್ಣವಾಗಿ ಪರದೆಯ ಮೇಲೆ ಮೂಡುತ್ತಿತ್ತು. ಗೌತಮಿಯದು ಕಿತ್ತಳೆ, ಶಿವಲೀಲಾಳದು ನೀಲಿ. ಒಂದೇ ಕೋಣೆ, ಒಂದೇ ತಟ್ಟೆಯ ಈ ಗೆಳತಿಯರೇ ಡಾಕ್ಟರ ಪರೀಕ್ಷೆಗೆ ಮುಖ್ಯ ಜೋಡಿ. ಮೊದಲ ವರ್ಷವೇ ಲೇಪ ಬಳಿಸಿಕೊಂಡಾಗ, ಒಬ್ಬರ ಫಲಿತಾಂಶ ಇನ್ನೊಬ್ಬರು ನೋಡಬಹುದು ಎಂದು ಇಬ್ಬರೂ ನಗುನಗುತ್ತಲೇ ಒಪ್ಪಿದ್ದರು.

"ಇದು ನಿನ್ನ ಬಾಯಿ," ಎಂದು ಡಾಕ್ಟರು ಪರದೆ ತೋರಿಸಿದರು. ಹಲ್ಲಿನ ಸಾಲಿನ ತುಂಬ ಕಿತ್ತಳೆ, ನಡುನಡುವೆ ದಟ್ಟವಾದ ನೀಲಿ. "ನೋಡು, ಶಿವಲೀಲಾ ಹೆಂಗೆ ಬಂದು ಕೂತಾಳೆ ನಿನ್ನ ಬಾಯಾಗೆ. ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ದಾಟೈತೆ."

ಗೌತಮಿಗೆ ನಗು ಬಂತು. "ಬಾಡಿಗೆ ಕೊಡ್ದೇನೇ ಕೂತಾಳೆ."

ಡಾಕ್ಟರು ನಗಲಿಲ್ಲ. "ಇದು ಅವಳದು."

ತುಂಬ ನೀಲಿ. ಅಲ್ಲಲ್ಲಿ ಹಸಿರು. ಕೊನೆಯ ದವಡೆಹಲ್ಲಿನ ಹತ್ತಿರ ಒಂದಿಷ್ಟು ಹಳದಿ. ಗೌತಮಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹುಡುಕಿದಳು.

"ನಂದು ಎಲ್ಲೈತೆ?"

"ಅದನ್ನೇ ನಿನ್ನ ಕೇಳಿದ್ದು."

"ಅವಳ ಬಾಯಾಗೆ ಬೇರೆಯವರದು ನಾಟಲ್ವೇನೋ ಮೇಡಂ. ಒಬ್ಬೊಬ್ಬರ ದೇಹ ಒಂದೊಂದು ಥರ ಅಲ್ವಾ?"

"ನಾನೂ ಹಂಗೇ ಅಂದ್ಕೊಂಡೆ. ಆದ್ರೆ ಈ ಹಸಿರು ಪಕ್ಕದ ಕೋಣೆ ಹುಡುಗೀದು. ಹಳದಿ ಅವಳ ಚಿಕ್ಕಮ್ಮನ ಮಗಳದು, ಬೇರೆ ಹಾಸ್ಟೆಲಿನಾಗೆ ಬಳಿಸ್ಕಂಡೋಳು, ರಜಕ್ಕೆ ಮಾತ್ರ ಸಿಗೋಳು. ಅವರದೆಲ್ಲ ನಾಟೈತೆ. ಒಂದ್ಸಲ ಕುಡಿದ್ರೆ ನಾಟಲ್ಲ ಇದು, ಮತ್ತೆ ಮತ್ತೆ ಎಂಜಲು ಹೋಗ್ತಾ ಇರ್ಬೇಕು. ಮೂರು ವರ್ಷ ಒಂದೇ ತಟ್ಟೆ ಅಂತೀಯ, ನಿಂದು ಒಂದು ಚುಕ್ಕೀನೂ ಇಲ್ಲ." ಡಾಕ್ಟರ ದನಿ ಇಳಿಯಿತು. "ಅವಳದು ನಿಂಗೆ ಬಂದೈತೆ. ನಿಂದು ಅವಳಿಗೆ ಹೋಗಿಲ್ಲ ಕಣವ್ವಾ."

ಗೌತಮಿ ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಬೇಕಿರಲಿಲ್ಲ, ಆದರೂ ಮುಕ್ಕಳಿಸಿದಳು.

ಹಾಸ್ಟೆಲಿಗೆ ಬಂದ ಮೊದಲ ದಿನವೇ ಅವಳು ತನ್ನ ಕೇರಿ ಯಾವುದು, ತನ್ನ ಅಜ್ಜನನ್ನು ಊರ ಬಾವಿಯಿಂದ ಎಷ್ಟು ದೂರ ನಿಲ್ಲಿಸುತ್ತಿದ್ದರು ಎಂಬುದನ್ನೆಲ್ಲ ಶಿವಲೀಲಾಳಿಗೆ ಹೇಳಿಬಿಟ್ಟಿದ್ದಳು. ಆಮೇಲೆ ಗೊತ್ತಾಗಿ ಮುಖ ತಿರುಗಿಸುವುದಕ್ಕಿಂತ ಮೊದಲೇ ತಿರುಗಿಸಲಿ ಎಂಬುದು ಅವಳ ಲೆಕ್ಕ. ಶಿವಲೀಲಾ ಮುಖ ತಿರುಗಿಸಿರಲಿಲ್ಲ. ಕೈಲಿದ್ದ ಸೀಬೆಹಣ್ಣನ್ನು ಕಟಕ್ಕನೆ ಕಚ್ಚಿ, ಉಳಿದರ್ಧ ಇವಳ ಕೈಗಿಟ್ಟು, "ತಗೋ, ತಿನ್ನು. ಆ ಕಾಲ ಹೋತು ಬಿಡು," ಎಂದಿದ್ದಳು. ಆ ರಾತ್ರಿ ಗೌತಮಿ ಅವ್ವನಿಗೆ ಫೋನು ಮಾಡಿ ಅತ್ತಿದ್ದಳು, ಸಂತೋಷಕ್ಕೆ.

ಈಗ ಆ ಸೀಬೆಹಣ್ಣು ಬೇರೆಯಾಗಿ ಕಾಣಿಸಿತು. ಮೊದಲು ಕಚ್ಚಿದ್ದು ಶಿವಲೀಲಾ. ಯಾವಾಗಲೂ ಮೊದಲು ಅವಳೇ. ಕುಲ್ಫಿಯಾದರೆ ಎರಡು ಸಲ ಚೀಪಿ, "ನಂಗೆ ಸಾಕು, ನೀನೇ ಮುಗಿಸು." ನೀರಿನ ಬಾಟಲಿಯಾದರೆ ತಾನು ಕುಡಿದ ಮೇಲೆ ಇವಳಿಗೆ; ಇವಳು ಕುಡಿದಿಟ್ಟದ್ದಾದರೆ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದಳು. "ನಂಗೆ ಬೇಗ ಶೀತ ಆಗುತ್ತೆ ಕಣೇ." ಒಂದೇ ತಟ್ಟೆಯಲ್ಲಿ ಉಣ್ಣುವಾಗಲೂ ನಡುವೆ ಪಲ್ಯದ ಸಣ್ಣ ಗುಡ್ಡೆ ಇರುತ್ತಿತ್ತು, ಶಿವಲೀಲಾ ತನ್ನ ಕಡೆಯ ಅನ್ನ ಮುಗಿದರೆ ಕೈ ತೊಳೆದು ಎದ್ದುಬಿಡುತ್ತಿದ್ದಳು. ಇದನ್ನೆಲ್ಲ ಗೌತಮಿ ಅಕ್ಕರೆ ಎಂದುಕೊಂಡಿದ್ದಳು. ತನಗೇ ಹೆಚ್ಚು ಉಳಿಸುತ್ತಾಳೆ ಎಂದುಕೊಂಡಿದ್ದಳು.

"ನಂಗ್ಯಾಕೆ ತೋರ್ಸಿದ್ರಿ ಮೇಡಂ?"

ಡಾಕ್ಟರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ದಡ್ಡತನ. ಯಂತ್ರ ಕೆಟ್ಟೈತೆ ಅಂದ್ಕೊಂಡು ನಿನ್ನ ಕರೆಸ್ದೆ. ನೀನು ಬರೋದ್ರೊಳಗೆ ಉಳಿದ ಜೋಡಿಗಳನ್ನೂ ತೆಗೆದು ನೋಡ್ದೆ, ಎಲ್ಲಾ ಕಡೆ ಇದೇ ಕತೆ. ಬಣ್ಣ ಓಡ್ತೈತೆ, ಓಡ್ತೈತೆ, ಒಂದು ಕಡೆ ಬಂದು ಗಕ್ಕಂತ ನಿಂತ್ಕಂತೈತೆ. ಇಡೀ ಊರಿಗೆ ಹಬ್ಬುತ್ತೆ ಅಂತ ಲೆಕ್ಕ ಹಾಕಿದ್ನಲ್ಲ, ಆ ಲೆಕ್ಕದಾಗೆ ಬಾಯಿ ಮಾತ್ರ ಹಿಡಿದಿದ್ದೆ ನಾನು, ಕೇರಿ ಹಿಡಿದಿರ್ಲಿಲ್ಲ. ನಮ್ಮಮ್ಮಂಗೇ ತಮ್ಮನೇಲಿ ಬೇರೆ ಲೋಟ ಇಡ್ತಿದ್ದ ಗೆಳತೀರು ಇದ್ರು. ಅಂಥ ನಾನೇ ಮರೆತು ಲೆಕ್ಕ ಹಾಕಿದೆ ನೋಡು."

"ಈಗೇನು ಮಾಡ್ತೀರಿ?"

"ಏನಿಲ್ಲ. ಬ್ಯಾಗು ಹಾಕ್ಕೊಂಡು ಕೇರಿ ಕೇರಿಗೆ ಹೋಗಿ ಒಬ್ಬೊಬ್ಬರ ಹಲ್ಲಿಗೂ ನಾವೇ ಬಳೀಬೇಕು. ತಾನಾಗಿ ದಾಟಲ್ಲ ಇದು."

ಶಿವಲೀಲಾ ಹೊರಗಡೆ ಬೇವಿನ ಮರದ ಕೆಳಗಿನ ಚಹಾ ಅಂಗಡಿಯಲ್ಲಿ ಕಾಯುತ್ತಿದ್ದಳು. ಇಬ್ಬರೂ ಗಾಳಿಯಂತ್ರ ದುರಸ್ತಿಯ ಕೋರ್ಸು ಮುಗಿಸಿ, ಒಂದೇ ಗುಡ್ಡದ ಮೇಲೆ ಕೆಲಸ ಹಿಡಿದಿದ್ದರು. ಬರುವ ವಾರ ಇಬ್ಬರಿಗೂ ಸೇರಿ ಒಂದು ಮನೆ, ಒಂದು ಅಡುಗೆಮನೆ. ಕೀಲಿ ಆಗಲೇ ಶಿವಲೀಲಾಳ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು.

"ಏನೇ, ಮುಖ ಹುಣಸೇಹಣ್ಣು ಮಾಡ್ಕಂಡು ಬಂದೆ? ಹಲ್ಲು ಕಿತ್ರಾ? ಅಕ್ಕಾ, ಎರಡು ಚಾ ಕೊಡಿ. ಇವಳಿಗೆ ಸಕ್ಕರೆ ಜಾಸ್ತಿ ಹಾಕಿ, ಕಾವಲು ಐತಲ್ಲ."

ಗೌತಮಿ ಕುಳಿತಳು. ಚಹಾ ಬಂತು. ಎರಡು ಗುಟುಕು ಕುಡಿದು ಲೋಟ ಕಲ್ಲುಬೆಂಚಿನ ಮೇಲಿಟ್ಟಳು.

"ನನ್ನ ಬಾಯಾಗೆ ನಿನ್ನ ನೀಲಿ ಸಿಕ್ತು ಶಿವಲೀಲಾ."

"ಸಿಗ್ದೇ ಏನು!"

"ನಿನ್ನ ಬಾಯಾಗೆ ನಂದು ಸಿಗ್ಲಿಲ್ಲ."

ಕೀಲಿ ನಿಂತಿತು. "ಆ ಮೇಡಂ ಮಿಷನ್ನು ಕೆಟ್ಟಿರ್ಬೇಕು ಬಿಡೇ."

"ಪಕ್ಕದ ಕೋಣೆಯವಳದು ಸಿಕ್ಕೈತೆ. ನಿಮ್ಮ ಚಿಕ್ಕಮ್ಮನ ಮಗಳದೂ ಸಿಕ್ಕೈತೆ."

ಶಿವಲೀಲಾ ರಸ್ತೆ ಕಡೆ ನೋಡಿದಳು. ಸಣ್ಣ ದನಿಯಲ್ಲಿ, "ನನ್ನ ಮನಸ್ಸಿನಾಗೆ ಏನೂ ಇಲ್ಲ ಕಣೇ. ದೇವರಾಣೆಗೂ ಇಲ್ಲ. ಗಂಟಲಾಗೆ ಇಳಿಯಲ್ಲ, ಅಷ್ಟೇ," ಎಂದಳು. "ಮೊದಲನೇ ವರ್ಷ ಒಂದು ಸಲ ನಿನ್ನ ಲೋಟದಾಗೆ ಕುಡಿದೆ. ಕುಡಿದು ಹಿತ್ತಲಿಗೆ ಹೋಗಿ ವಾಂತಿ ಮಾಡ್ದೆ. ನನ್ನ ಮೇಲೆ ನಂಗೇ ಅಸಹ್ಯ ಆತು. ನಿಂಗೆ ಗೊತ್ತಾಗ್ಬಾರ್ದು ಅಂತ ಆವತ್ತಿಂದ ಮೊದ್ಲು ನಾನೇ ಕಚ್ತಿದ್ದೆ. ನಿಂಗೆ ಬೇಜಾರಾಗ್ಬಾರ್ದು ಅಂತ ಎಷ್ಟು ಹುಷಾರಾಗಿದ್ದೆ ಗೊತ್ತಾ?"

"ದಿನಾ ಹುಷಾರಾಗಿದ್ದೆ."

"ಹೂಂ ಮತ್ತೆ. ದಿನಾ."

"ದಿನಾ ನೆನಪಿಟ್ಕೊಂಡಿದ್ದೆ ಅಂತಾಯ್ತಲ್ಲ, ನಾನು ಯಾರು ಅಂತ."

ಶಿವಲೀಲಾ ಕೀಲಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು.

"ಮನೆ ಓನರಮ್ಮಂಗೆ ನನ್ನನ್ನ ನಿಮ್ಮ ದೊಡ್ಡಪ್ಪನ ಮಗಳು ಅಂದ್ಯಲ್ಲ," ಎಂದಳು ಗೌತಮಿ. "ಆವತ್ತು ನಾನೂ ನಕ್ಕಿದ್ದೆ. ನೀನು ನನ್ನನ್ನ ತಂಗಿ ಥರ ನೋಡ್ತೀಯ ಅಂದ್ಕೊಂಡು ನಕ್ಕಿದ್ದೆ."

"ಹಂಗೆ ಹೇಳ್ದಿದ್ರೆ ಆ ಯಮ್ಮ ಮನೆ ಕೊಡ್ತಿರ್ಲಿಲ್ಲ!"

"ನೀನು ಕೊಡ್ತಿದ್ಯಾ?"

ಶಿವಲೀಲಾಳ ಕಣ್ಣು ತುಂಬಿಬಂತು. ತಟ್ಟನೆ ಅವಳ ಕೈ ಗೌತಮಿಯ ಲೋಟದ ಕಡೆ ಬಂತು. "ತಾ ಇಲ್ಲಿ, ಈಗ ಕುಡೀತೀನಿ. ನೋಡು, ನಿನ್ನ ಎದುರಿಗೇ ಕುಡೀತೀನಿ."

ಗೌತಮಿ ಲೋಟದ ಮೇಲೆ ಅಂಗೈ ಮುಚ್ಚಿದಳು. ಚಹಾದ ಹಬೆ ಅಂಗೈಗೆ ಬಿಸಿಯಾಗಿ ತಾಗಿತು.

"ಬೇಡ. ಔಷಧಿ ಕುಡಿದಂಗೆ ನನ್ನ ಎಂಜಲು ಕುಡೀಬೇಡ."

"ಮತ್ತೆ ಏನು ಮಾಡ್ಲಿ ಹೇಳೇ!"

"ನಂಗೇನು ಗೊತ್ತು ಶಿವಲೀಲಾ? ಮೂರು ವರ್ಷ ಉಪಾಯ ಹುಡುಕ್ದೋಳು ನೀನು." ಗೌತಮಿ ಎದ್ದಳು. "ಆ ಕೀಲಿ ಕೊಡು. ಓನರಮ್ಮನ ಹತ್ರ ನಾನೇ ಹೋಗ್ತೀನಿ, ನನ್ನ ಅಪ್ಪನ ಹೆಸರು, ನನ್ನ ಕೇರಿ ಹೆಸರು ಹೇಳಿ ಕೇಳ್ತೀನಿ. ಕೊಟ್ರೆ ಒಬ್ಬಳೇ ಇರ್ತೀನಿ. ಕೊಡ್ಲಿಲ್ಲ ಅಂದ್ರೆ ಅಷ್ಟಾದ್ರೂ ಇವತ್ತೇ ಗೊತ್ತಾಗುತ್ತೆ."

ಶಿವಲೀಲಾ ಕೀಲಿಯನ್ನು ಕೊಡಲು ಕೈ ಚಾಚಿದಳು. ಗೌತಮಿಯ ಬೊಗಸೆಗೆ ಅದನ್ನು ಮೇಲಿನಿಂದ ಹಾಕಬೇಕೋ, ಮುಟ್ಟಿ ಇಡಬೇಕೋ ಎಂದು ಒಂದು ಕ್ಷಣ ಇಬ್ಬರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ಇಲ್ಲದ ಆ ಅನುಮಾನ ಅವರ ನಡುವೆ ಈಗ ಹೊಸದಾಗಿ ಬಂದು ನಿಂತಿತ್ತು. ಕೊನೆಗೆ ಗೌತಮಿಯೇ ಅವಳ ಬೆರಳಿನಿಂದ ಕೀಲಿ ಬಿಡಿಸಿಕೊಂಡು ಹೊರಟಳು.

ರಸ್ತೆ ದಾಟಿದ ಮೇಲೆ ಬೇಡ ಬೇಡವೆಂದರೂ ಒಮ್ಮೆ ತಿರುಗಿದಳು. ಶಿವಲೀಲಾ ಬೆಂಚಿನ ಮೇಲೆ ಹಾಗೇ ಕೂತಿದ್ದಳು, ಗೌತಮಿ ಬಿಟ್ಟುಬಂದ ಅರ್ಧ ಲೋಟ ಚಹಾವನ್ನೇ ನೋಡುತ್ತ. ಅವಳ ಕೈ ಮೆಲ್ಲಗೆ ಲೋಟದ ಹತ್ತಿರ ಸರಿದಂತೆ ಕಂಡಿತು. ಕುಡಿಯಲಿಕ್ಕೋ, ಆಚೆ ಸರಿಸಲಿಕ್ಕೋ ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಂಗಡಿಯ ಹೆಂಗಸು ಬಂದು, ಮಾತು ಮುಗಿಯಿತು ಎಂದುಕೊಂಡು, ಎರಡೂ ಲೋಟಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡಳು. ಉಳಿದ ಚಹಾವನ್ನು ಬೇವಿನ ಬುಡಕ್ಕೆ ಚೆಲ್ಲಿ, ಲೋಟಗಳನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಬೋರಲು ಹಾಕಿದಳು.