ಹರಿಯದ ಕರೆಂಟು

ಕಾಗದವನ್ನು ಮುಷ್ಟಿಯಲ್ಲಿ ಮುದುಡಿಕೊಂಡು ಅವಳು ಲ್ಯಾಬಿನ ಬಾಗಿಲು ತಳ್ಳಿದಾಗ ಟೆಕ್ನೀಷಿಯನ್ ಸಿಂಕಿನ ಮುಂದೆ ನಿಂತು ಸ್ಪಂಜುಗಳನ್ನು ತೊಳೆಯುತ್ತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

"ಹತ್ತು ದಿನ ನನ್ನ ತಲೆಗೆ ಖಾಲಿ ಪೆಟ್ಟಿಗೆ ಕಟ್ಟಿ ಕೂರಿಸಿದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮಗೆ?"

ಅವನು ಕಾಗದ ತೆಗೆದುಕೊಂಡು ಬಿಡಿಸಿದ. ಅಧ್ಯಯನ ಮುಗಿದಿತ್ತು, ಯಾರು ಯಾವ ಗುಂಪಿನಲ್ಲಿದ್ದರೆಂದು ಅದನ್ನು ನಡೆಸಿದ ಡಾಕ್ಟರು ಎಲ್ಲರಿಗೂ ಬರೆದಿದ್ದರು. ಹಣೆಗೆ ಕಟ್ಟಿದ ಒದ್ದೆ ಸ್ಪಂಜಿನ ಮೂಲಕ ಅರ್ಧ ಜನರ ಮಿದುಳಿಗೆ ದಿನಾ ಇಪ್ಪತ್ತು ನಿಮಿಷ ಸಣ್ಣ ಕರೆಂಟು. ಉಳಿದವರಿಗೆ ಮೊದಲ ಅರ್ಧ ನಿಮಿಷ ಮಾತ್ರ, ಹಣೆ ಜುಮ್ಮೆನ್ನಲಿ ಎಂದು. ಆಮೇಲೆ ಪೆಟ್ಟಿಗೆ ಸುಮ್ಮನೆ ದೀಪ ಮಿನುಗಿಸುತ್ತಿತ್ತು. ಅವಳು ಈ ಎರಡನೆಯ ಗುಂಪಿನವಳು.

"ನನಗೂ ಗೊತ್ತಿರ್ಲಿಲ್ಲ," ಎಂದ. "ಕೊಟ್ಟ ಕೋಡ್ ಒತ್ತೋದಷ್ಟೇ ನನ್ನ ಕೆಲಸ. ನೀವು ಸಹಿ ಹಾಕೋ ಮೊದ್ಲೇ ಇದನ್ನೆಲ್ಲ ಓದಿ ಹೇಳಿದ್ನಲ್ಲ."

ಹೇಳಿದ್ದು ನಿಜ. ಆಗ ಅವಳು ಅವನ ಉದ್ದನೆಯ ರೆಪ್ಪೆಗಳನ್ನು ನೋಡುತ್ತ ಕೂತಿದ್ದಳು.

ಅವಳು ಕೋರ್ಟಿನಲ್ಲಿ ಟೈಪಿಸ್ಟ್. ದುಭಾಷಿಯ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದ್ದಳು. ಸಾಕ್ಷಿ ಒಂದು ನಿಮಿಷ ಮಾತಾಡಿದ್ದನ್ನು ಬರೆದುಕೊಳ್ಳದೆ ತಲೆಯಲ್ಲಿಟ್ಟುಕೊಂಡು ಇನ್ನೊಂದು ಭಾಷೆಯಲ್ಲಿ ಒಪ್ಪಿಸಬೇಕು. ಅವಳಿಗೆ ಅರ್ಧದಲ್ಲೇ ನೆನಪು ಕೈಕೊಡುತ್ತಿತ್ತು. ಕರೆಂಟು ಕೊಟ್ಟರೆ ನೆನಪು ಚುರುಕಾದೀತೇ ಎಂದು ನೋಡುವ ಈ ಅಧ್ಯಯನಕ್ಕೆ ಅವಳು ಸೇರಿದ್ದು ಅದಕ್ಕೇ. ಅದಾದ ಮೇಲೆ ಮೂರನೆಯ ಸಲ ಪಾಸಾದಳು. ಮೂರು ತಿಂಗಳು ಬೆಳಗಾಗೆದ್ದು ರೇಡಿಯೋ ಸುದ್ದಿ ಕೇಳಿ, ನಿಲ್ಲಿಸಿ, ಗೋಡೆಗೆ ಒಪ್ಪಿಸಿದವಳು ಅವಳು; ಹೆಸರು ಬಂದದ್ದು ಮಾತ್ರ ಪೆಟ್ಟಿಗೆಗೆ. "ನಮ್ಮವಳ ತಲೆಗೆ ಕರೆಂಟ್ ಕೊಡಿಸಿದ್ವಿ" ಎಂದು ಅಕ್ಕ ನೆಂಟರಿಗೆಲ್ಲ ಸಾರಿ ಬಂದಿದ್ದಳು. ಇವಳೂ ಪೆದ್ದಿಯ ಹಾಗೆ ಹೌದೆಂದು ತಲೆಯಾಡಿಸಿದ್ದಳು.

ಅದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು.

"ಎರಡನೇ ಪುಟ ಓದಿ," ಎಂದಳು.

ಅವನು ಓದಿದ. ಅವನ ಕಿವಿ ಕೆಂಪಾಯಿತು.

ದಿನಾ ಅಡ್ಡ ಪರಿಣಾಮಗಳ ಫಾರ್ಮ್ ತುಂಬುವುದಿತ್ತು: ತುರಿಕೆ, ತಲೆನೋವು, ನಿದ್ದೆ, ಇತರೆ. ನಾಲ್ಕನೆಯ ದಿನ ಅವಳು ಎದೆ ಹೊಡೆದುಕೊಳ್ಳುತ್ತದೆ ಎಂದಿದ್ದಳು. ಯಾವಾಗ, ಎಂದು ಅವನು ಕೇಳಿದ್ದ. "ನೀವು ಹಣೆ ಮೇಲೆ ಸ್ಪಂಜು ಸರಿ ಮಾಡುವಾಗ," ಎಂದು ಕಳ್ಳನೋಟ ಬೀರಿದ್ದಳು. ಮಹಾರಾಯ ಅದನ್ನೂ ಬರೆದುಕೊಂಡಿದ್ದ. ಈಗದು ಎಲ್ಲರಿಗೂ ಕಳಿಸಿದ ವರದಿಯಲ್ಲಿ ಅಚ್ಚಾಗಿತ್ತು: ಟೆಕ್ನೀಷಿಯನ್ ಹತ್ತಿರ ಬಂದಾಗ ಎದೆಬಡಿತ, ಒಬ್ಬರು.

"ಊರಿಗೆಲ್ಲ ಡಂಗುರ ಹೊಡೆಸಿದ್ರಿ."

"ಹೇಳಿದ್ದನ್ನ ಬರೀಲೇಬೇಕು. ನಿಯಮ." ಅವನು ಕಾಗದವನ್ನು ಮೇಜಿನ ಮೇಲೆ ಕುಕ್ಕಿದ. ಸಿಟ್ಟು ಅವನಿಗೂ ಇತ್ತು. "ಕೊನೇ ದಿನ ನಾನು ಬಾಯಿಬಿಟ್ಟು ಹೇಳ್ದೆ, ನೀವಂದ್ರೆ ಇಷ್ಟ ಅಂತ. ನೀವೇನಂದ್ರಿ? ನನಗೂ ಅನ್ನಿಸ್ತಿದೆ, ಆದ್ರೆ ಅದೆಲ್ಲ ಕರೆಂಟಿಂದು, ನಾಲ್ಕು ದಿನದಲ್ಲಿ ಸರಿಹೋಗುತ್ತೆ ಅಂದ್ರಿ. ತುರಿಕೆ, ತಲೆನೋವಿನ ಸಾಲಲ್ಲಿ ನನ್ನನ್ನೂ ಕೂರಿಸಿದ್ರಿ. ಎರಡು ತಿಂಗಳಿಂದ ಅದನ್ನ ನುಂಗ್ಕೊಂಡಿದ್ದೀನಿ. ಈಗ ಬಂದು ನನ್ನನ್ನೇ ಬೈತೀರಿ."

ಅವನು ಇಷ್ಟು ನೊಂದಿರಬಹುದೆಂದು ಅವಳು ಎಣಿಸಿರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತಳು.

ಅವನು ದನಿ ತಗ್ಗಿಸಿ ಕೇಳಿದ. "ಸರಿಹೋಯ್ತಾ?"

"ಎಲ್ಲಿ ಹೋಯ್ತು. ಕರೆಂಟಿನ ಮೇಲೆ ಹಾಕಿ ದಿನ ನೂಕ್ತಿದ್ದೆ. ಈ ಕಾಗದ ಆ ನೆಪಾನೂ ಕಿತ್ಕೊಳ್ತು." ಅವಳು ತಲೆ ಎತ್ತಿದಳು. "ಪರೀಕ್ಷೆ ಪಾಸ್ ಮಾಡಿದ್ದು ನಾನೇ ಅಂತಾದ್ರೆ, ನಿಮ್ಮನ್ನ ಇಷ್ಟಪಟ್ಟಿದ್ದೂ ನಾನೇ. ಅದು ಬೇಕು, ಇದು ಬೇಡ ಅನ್ನೋಕಾಗಲ್ಲ."

"ಅದಕ್ಕೆ ಇಷ್ಟೊಂದು ಸಿಟ್ಟಾ?"

"ಇಷ್ಟಾನೂ ಇದೆ, ಸಿಟ್ಟೂ ಇದೆ. ಎರಡು ತಿಂಗಳಲ್ಲಿ ಒಂದು ಫೋನ್ ಮಾಡ್ಲಿಲ್ಲ ನೀವು."

"ಅಧ್ಯಯನ ಮುಗಿಯೋವರೆಗೆ ಮಾಡೋ ಹಾಗಿಲ್ಲ. ಅವತ್ತು ಹೇಳಿದ್ದೇ ತಪ್ಪು."

"ಮುಗೀತಲ್ಲ ಈಗ."

ಅವನು ಗಾಲಿಯ ಸ್ಟೂಲನ್ನು ಎಳೆದುಕೊಂಡು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತ. ಅವಳು ಅವನ ಕೈ ಹಿಡಿದುಕೊಂಡಳು. ನೀರಿನಲ್ಲಿ ನೆನೆದ ಬೆರಳುಗಳು ತಣ್ಣಗಿದ್ದವು. ಅವನ್ನು ಬಿಡಲೂ ಇಲ್ಲ, ಬೈಯುವುದನ್ನು ನಿಲ್ಲಿಸಲೂ ಇಲ್ಲ.