ಅವಳು ದನಿ ಏರಿಸಿದ ದಿನ

"ಹತ್ತಿರ ಬಂದ್ರೆ ಸರಿ ಇರಲ್ಲ," ಎಂದು ಅವನು ಕುರ್ಚಿಯನ್ನು ನೆಲಕ್ಕೆ ಅಪ್ಪಳಿಸಿದ.

ಅವಳಿಗೆ ಅದು ನಾಟಕವೆಂದು ಗೊತ್ತಿತ್ತು. ಕೆರಳಿದ ರೋಗಿಯನ್ನು ಬಲ ಬಳಸದೆ ಸಮಾಧಾನಪಡಿಸುವುದು ಹೇಗೆಂದು ಮಾನಸಿಕ ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ ನಡೆದಿತ್ತು. ಅವಳು ನರ್ಸ್. ರೋಗಿಯ ಪಾತ್ರ ವಹಿಸಿದ್ದವನು ಹೊಸ ಫಾರ್ಮಸಿಸ್ಟ್.

ಕಲಿಸಿದಂತೆ ಒಂದು ಹೆಜ್ಜೆ ಹಿಂದೆ ಸರಿದು, ಅಂಗೈ ಬಿಚ್ಚಿ, ದನಿ ತಗ್ಗಿಸಿದಳು.

"ತುಂಬಾ ಬೇಜಾರಾಗಿದೆ ಅನ್ಸುತ್ತೆ. ನಾನಿಲ್ಲೇ ಇದೀನಿ. ನಿಧಾನವಾಗಿ ಹೇಳಿ."

ಅವನ ಕಣ್ಣುಗಳು ನಿಜಕ್ಕೂ ತುಂಬಿಕೊಂಡವು. ಇದೂ ನಾಟಕವೇ...?

ಕ್ಯಾಂಟೀನಿನಲ್ಲಿ ಕೇಳಿದಾಗ ಅವನು ನಕ್ಕ. "ಅರ್ಧ ನಾಟಕ. ಇನ್ನರ್ಧ ನಂಗೂ ಗೊತ್ತಿಲ್ಲ. ನಮ್ಮನೇಲಿ ಯಾರೂ ಹಾಗೆ ಕೇಳಿದ್ದೇ ಇಲ್ಲ."

ಅಲ್ಲಿಂದ ಇಬ್ಬರ ಟೀ ವೇಳೆ ಒಂದೇ ಆಯಿತು. ಒಂದು ಸಂಜೆ ಔಷಧಿ ಕಿಟಕಿಯ ಬಳಿ ಅವನು ಕೇಳಿಯೇಬಿಟ್ಟ.

"ನನ್ನ ಮದ್ವೆ ಆಗ್ತೀರಾ?"

ಅವಳು ಹೌದೆನ್ನಲು ಬಾಯಿ ತೆರೆದರೆ ಬೇರೇನೋ ಹೊರಬಿತ್ತು.

"ನಿಮ್ಮ ಭಾವನೆ ಅರ್ಥ ಆಗುತ್ತೆ. ಸ್ವಲ್ಪ ಕೂತು ಮಾತಾಡೋಣ್ವಾ?"

ಅಂಗೈಗಳೂ ತಾವಾಗಿಯೇ ಬಿಚ್ಚಿಕೊಂಡಿದ್ದವು.

ಅವನ ಮುಖ ಸಪ್ಪಗಾಯಿತು. "ನಾನು ನಿಮ್ಮ ವಾರ್ಡಿನ ಪೇಷೆಂಟ್ ಅಲ್ಲ," ಎಂದು ಕಿಟಕಿ ಮುಚ್ಚಿದ.

ಆಮೇಲೆ ಅವನು ಮುಖ ಕೊಟ್ಟು ಮಾತಾಡಲಿಲ್ಲ. ಅವಳ ತಲೆ ಕೆಟ್ಟು ಹೋಯಿತು. ನನ್ನ ಸ್ವಂತ ದನಿ ಯಾವುದು...? ಮನೆಯಲ್ಲೂ ಅದೇ ಮೆತ್ತನೆಯ ಮಾತು. "ಒಂದ್ಸಲನಾದ್ರೂ ಜಗಳ ಆಡೇ, ಮನೆ ಮನೆ ಥರ ಇರ್ಲಿ," ಎಂದು ಅಮ್ಮ ಗೊಣಗಿದ್ದಳು.

ಒಂದು ಮಧ್ಯಾಹ್ನ ಔಷಧಿ ಕೋಣೆಯಲ್ಲಿ ಗಲಾಟೆ ಕೇಳಿ ಅವಳು ಓಡಿದಳು. ಮಾತ್ರೆ ಮುಗಿದಿದೆ ಎಂದದ್ದಕ್ಕೆ ರೋಗಿಯೊಬ್ಬನ ಅಣ್ಣ ಒಳನುಗ್ಗಿ ಫಾರ್ಮಸಿಸ್ಟನ ಕಾಲರ್ ಹಿಡಿದಿದ್ದ.

"ಬಿಡ್ರೀ ಅವರನ್ನ!"

ಕಿರುಚಿದ್ದು ತಾನೇ ಎಂದು ಅವಳಿಗೆ ತಿಳಿದದ್ದು ಆಮೇಲೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಫಾರ್ಮಸಿಸ್ಟನೇ ಮೆಲ್ಲಗೆ ಹೇಳಿದ. "ಅಣ್ಣಾ, ತಮ್ಮನ ಚಿಂತೆ ನಿಮಗೆ. ಕೂತ್ಕೊಳ್ಳಿ, ಬೇರೆ ಕಡೆಯಿಂದ ತರಿಸ್ತೀನಿ."

ಹಿಡಿತ ಸಡಿಲಾಯಿತು. ಆ ಮನುಷ್ಯ ಕುಸಿದು ಕುಳಿತು ಅತ್ತ.

ಮಾತ್ರೆ ಬಂದು ಆ ಮನುಷ್ಯ ಹೋದ ಮೇಲೆ ಅವಳು ಫಾರ್ಮಸಿಸ್ಟನ ಕಡೆ ತಿರುಗಿದಳು.

"ನಿಮಗೇನಾದ್ರೂ ಆಗಿದ್ರೆ? ಬಾಗಿಲು ಹಾಕ್ಕೊಳ್ಳೋಕೆ ಏನಾಗಿತ್ತು? ಬುದ್ಧಿ ಬೇಡ್ವಾ?"

ಅವನು ಬೆರಗಾಗಿ ನೋಡಿದ. "ನನ್ನನ್ನ ಬೈತಿದೀರಾ?"

"ಹೂಂ. ಯಾಕೋ ಗೊತ್ತಿಲ್ಲ."

"ಆವತ್ತು ಯಾಕೆ ಹಾಗಂದ್ರಿ?"

"ಭಯ... ಹೌದು ಅಂದ್ರೆ ಮುಂದೇನು ಅಂತ ಗೊತ್ತಿರಲಿಲ್ಲ."

"ಈಗ ಗೊತ್ತಾ?"

ಅವಳು ಕಣ್ಣೊರೆಸಿಕೊಂಡಳು.

"ಇಲ್ಲ. ಆದ್ರೂ ಹೌದು."